ಸಾಲ ತೀರಿಸುವ ವರ್ಷದಲ್ಲಿ ಮುಯ್ಯಿ, ಮದುವೆ, ಜಾತ್ರೆ: ಮಲೆನಾಡಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಸಾಲ ತೀರಿಸಲು ಹೊರಟವರಿಗೆ ಎಲ್ಲರೂ ಕೊಡುವ ಮೊದಲ ಸಲಹೆ, ಅನಗತ್ಯ ಖರ್ಚನ್ನು ನಿಲ್ಲಿಸಿ ಎಂಬುದು. ಹೋಟೆಲ್ ಊಟ, ಸಿನಿಮಾ, ಪ್ರವಾಸಗಳ ಮಟ್ಟಿಗೆ ಈ ಮಾತು ನಡೆಯುತ್ತದೆ. ಆದರೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯ ಒಂದು ಸಾಮಾನ್ಯ ಮನೆಯ ಲೆಕ್ಕದ ಪುಸ್ತಕವನ್ನು ತೆರೆದು ನೋಡಿದರೆ ಅಲ್ಲಿ ಕಾಣಿಸುವುದು ಬೇರೆ ಬಗೆಯ ಖರ್ಚು: ಮದುವೆಯ ಮುಯ್ಯಿ, ಗೌರಿ ಹಬ್ಬದ ಬಾಗಿನ, ಗೃಹಪ್ರವೇಶದ ಉಡುಗೊರೆ, ಜಾತ್ರೆಗೆ ಬರುವ ನೆಂಟರ ಊಟ, ಊರ ದೇವಸ್ಥಾನದ ವಂತಿಗೆ. ಇವುಗಳಲ್ಲಿ ಯಾವುದನ್ನೂ ಮನೆಯವರು ಮೋಜಿಗೆಂದು ಮಾಡಿರುವುದಿಲ್ಲ. ನಮ್ಮ ಮನೆಯ ಮದುವೆಯಲ್ಲಿ ಒಬ್ಬರು 1,001 ರೂಪಾಯಿ ಹಾಕಿದ್ದರೆ, ಅವರ ಮನೆಯ ಮದುವೆಯ ಕರೆಯೋಲೆ ಬಂದ ದಿನ ಆ ಹಣ ನಾವು ಮರಳಿಸಬೇಕಾದ ಬಾಕಿಯಾಗುತ್ತದೆ. ಅದನ್ನು ಅನಗತ್ಯ ಎಂದು ಕರೆದು ಕೈಬಿಡುವುದೆಂದರೆ ಒಂದು ಸಾಲ ತೀರಿಸಲು ಇನ್ನೊಂದು ಸಾಲವನ್ನು ಮುಳುಗಿಸಿದಂತೆ.

ಆದ್ದರಿಂದ ಈ ಮಾರ್ಗದರ್ಶಿ ಸಾಮಾಜಿಕ ಖರ್ಚನ್ನು ಸೊನ್ನೆಗೆ ಇಳಿಸಲು ಹೇಳುವುದಿಲ್ಲ. ಅದನ್ನು ಸಾಲದ ಕಂತಿನಷ್ಟೇ ಖಚಿತವಾದ ಒಂದು ಬಾಬತ್ತಾಗಿ ಯೋಜನೆಯೊಳಗೆ ಸೇರಿಸುವುದು, ಅದರ ಗಾತ್ರವನ್ನು ಲೆಕ್ಕ ಹಾಕಿ ಇಳಿಸುವುದು, ಹಣದ ಬದಲು ದುಡಿಮೆಯನ್ನು ಕೊಡಬಹುದಾದ ಕಡೆ ದುಡಿಮೆಯನ್ನೇ ಕೊಡುವುದು ಹೇಗೆ ಎಂಬುದನ್ನು ಹಂತ ಹಂತವಾಗಿ ವಿವರಿಸುತ್ತದೆ. ಇದರಿಂದ ಸಾಲ ತೀರುವುದು ಎಷ್ಟು ತಡವಾಗುತ್ತದೆ ಎಂಬ ಲೆಕ್ಕವೂ ಮುಂದೆ ಬರುತ್ತದೆ. ಹೆಚ್ಚಿನವರು ಊಹಿಸುವುದಕ್ಕಿಂತ ಅದು ಕಡಿಮೆ.

ಮೊದಲ ಹಂತ: ಎಲ್ಲ ಸಾಲಗಳೂ ಒಂದೇ ಹಾಳೆಯಲ್ಲಿ

ಒಂದು ಹಾಳೆಯಲ್ಲಿ ಪ್ರತಿಯೊಂದು ಸಾಲದ ಬಾಕಿ, ಬಡ್ಡಿಯ ದರ, ತಿಂಗಳ ಕಂತು, ಗಡುವು ಇವಿಷ್ಟನ್ನು ಬರೆಯಿರಿ. ಬ್ಯಾಂಕಿನದ್ದನ್ನು ಮಾತ್ರ ಬರೆದು ನಿಲ್ಲಿಸಬೇಡಿ. ಸಹಕಾರ ಸಂಘದ ಬೆಳೆ ಸಾಲ, ಅಡಿಕೆ ಮಂಡಿಯಲ್ಲಿ ತೆಗೆದುಕೊಂಡ ಮುಂಗಡ, ಸ್ವಸಹಾಯ ಸಂಘದ ವಾರದ ಕಂತು, ಎತ್ತಿಕೊಂಡಾದ ಮೇಲೂ ಕಟ್ಟುತ್ತಿರುವ ಚೀಟಿ, ಚಿನ್ನದ ಮೇಲಿನ ಸಾಲ, ನೆಂಟರಲ್ಲಿ ಮಾಡಿದ ಕೈಗಡ ಎಲ್ಲವೂ ಹಾಳೆಗೆ ಬರಲಿ.

ಬಡ್ಡಿಯನ್ನು ತಿಂಗಳ ರೂಪಾಯಿಯ ಲೆಕ್ಕದಲ್ಲಿ ಬರೆದರೆ ಯಾವುದು ಮೊದಲು ತೀರಬೇಕು ಎಂಬುದು ತಾನಾಗಿ ಕಾಣುತ್ತದೆ. ಕ್ರೆಡಿಟ್ ಕಾರ್ಡಿನ 60,000 ರೂಪಾಯಿ ಬಾಕಿಗೆ ತಿಂಗಳಿಗೆ ಶೇ. 3.5ರಂತೆ ಬಡ್ಡಿ 2,100 ರೂಪಾಯಿ. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಸೇರಿ ಒಟ್ಟು 2,478 ರೂಪಾಯಿ. ಕನಿಷ್ಠ ಪಾವತಿಯೆಂದು 3,000 ರೂಪಾಯಿ ಕಟ್ಟಿದವರ ಅಸಲಿನಲ್ಲಿ ಇಳಿಯುವುದು 522 ರೂಪಾಯಿ ಮಾತ್ರ. ಅದೇ 60,000 ರೂಪಾಯಿ ವರ್ಷಕ್ಕೆ ಶೇ. 12ರ ಚಿನ್ನದ ಸಾಲವಾಗಿದ್ದರೆ ತಿಂಗಳ ಬಡ್ಡಿ 600 ರೂಪಾಯಿ. ಹೀಗಾಗಿ ಮನೆಯಲ್ಲಿ ಒಡವೆಯಿದ್ದು, ಕಾರ್ಡನ್ನು ಮತ್ತೆ ಬಳಸುವುದಿಲ್ಲ ಎಂಬ ಗಟ್ಟಿ ನಿರ್ಧಾರವಿದ್ದರೆ, ಬ್ಯಾಂಕಿನಲ್ಲಿ ಒಡವೆ ಅಡವಿಟ್ಟು ಕಾರ್ಡಿನ ಬಾಕಿಯನ್ನು ಒಮ್ಮೆಗೇ ಮುಗಿಸುವುದು ಲೆಕ್ಕಕ್ಕೆ ಸರಿಯಾದ ದಾರಿ. ಅಡವಿಡುವಾಗ ಮದುವೆ ಮುಂಜಿಗಳಿಗೆ ಹಾಕಿಕೊಳ್ಳುವ ಸರವನ್ನು ಬಿಟ್ಟು ಪೆಟ್ಟಿಗೆಯಲ್ಲಿಯೇ ಇರುವುದನ್ನು ಆರಿಸಿ. ಖಾಲಿ ಕೊರಳನ್ನು ಕಂಡ ನೆಂಟರು ಕೇಳುವ ಪ್ರಶ್ನೆಗೆ ಉತ್ತರವಾಗಿ ಹೊಸ ಸರವನ್ನು ಕಂತಿನಲ್ಲಿ ಕೊಂಡ ಮನೆಗಳೂ ಇವೆ.

ಕೈಗಡಕ್ಕೆ ಬಡ್ಡಿಯಿಲ್ಲ ಎಂದು ಅದನ್ನು ಪಟ್ಟಿಯ ಕೊನೆಗೆ ತಳ್ಳುವುದು ಲೆಕ್ಕದ ದೃಷ್ಟಿಯಿಂದ ಸರಿ, ಸಂಬಂಧದ ದೃಷ್ಟಿಯಿಂದ ಅಲ್ಲ. ಸಾಲ ಕೊಟ್ಟ ಚಿಕ್ಕಪ್ಪ ಪ್ರತಿಯೊಂದು ಸಮಾರಂಭದಲ್ಲಿಯೂ ನಿಮ್ಮೆದುರಿನ ಪಂಕ್ತಿಯಲ್ಲಿ ಕುಳಿತಿರುತ್ತಾರೆ; ನೀವು ಎಷ್ಟು ಮುಯ್ಯಿ ಹಾಕಿದಿರಿ, ಯಾವ ಸೀರೆ ತಂದಿರಿ ಎಂಬುದು ಅವರ ಕಿವಿಗೆ ಬಿದ್ದೇ ಬೀಳುತ್ತದೆ. ಆದ್ದರಿಂದ ಕೈಗಡಕ್ಕೆ ಸಾವಿರ ರೂಪಾಯಿಯಾದರೂ ಸರಿ, ಪ್ರತಿ ತಿಂಗಳು ತಪ್ಪದೆ ಕೊಡಿ. ದೊಡ್ಡ ಮೊತ್ತ ಬೇಕೆಂದು ಕಾಯುತ್ತ ಆರು ತಿಂಗಳು ಸುಮ್ಮನಿರುವುದಕ್ಕಿಂತ ಇದು ಎಷ್ಟೋ ಮೇಲು.

ಎರಡನೆಯ ಹಂತ: ವರ್ಷದ ಪಂಚಾಂಗವನ್ನು ಖರ್ಚಿನ ಪಟ್ಟಿಯಾಗಿ ಓದುವುದು

ಸಾಮಾಜಿಕ ಖರ್ಚು ಇದ್ದಕ್ಕಿದ್ದಂತೆ ಬರುತ್ತದೆ ಎಂಬ ದೂರಿನಲ್ಲಿ ಸಾವು ಮತ್ತು ಕಾಯಿಲೆಗಳ ವಿಷಯದಲ್ಲಿ ಮಾತ್ರ ಹುರುಳಿದೆ. ಉಳಿದದ್ದೆಲ್ಲ ಹೆಚ್ಚು ಕಡಿಮೆ ಪಂಚಾಂಗದಲ್ಲಿಯೇ ಇದೆ. ಸಮಸ್ಯೆಯೆಂದರೆ ನಾವು ಬಜೆಟ್ಟನ್ನು ತಿಂಗಳ ಲೆಕ್ಕದಲ್ಲಿ ಮಾಡುತ್ತೇವೆ, ಖರ್ಚು ಮಾತ್ರ ಋತುಮಾನದ ಲೆಕ್ಕದಲ್ಲಿ ಬರುತ್ತದೆ.

ಆಷಾಢದಿಂದ ಪಟ್ಟಿಯನ್ನು ಆರಂಭಿಸಿ. ಆ ತಿಂಗಳು ಮದುವೆಗಳಿಲ್ಲ, ಮಳೆ ಜೋರಾಗಿರುವುದರಿಂದ ಓಡಾಟವೂ ಕಡಿಮೆ. ಶ್ರಾವಣ, ಭಾದ್ರಪದಗಳಲ್ಲಿ ನಾಗರಪಂಚಮಿ, ವರಮಹಾಲಕ್ಷ್ಮಿ, ಗೌರಿ ಗಣೇಶ ಹಬ್ಬಗಳು. ಕೊಟ್ಟ ಹೆಣ್ಣುಮಕ್ಕಳಿಗೆ ತವರಿನಿಂದ ಬಾಗಿನ, ಬೀದಿಯ ಗಣಪತಿಗೆ ಚಂದಾ. ಅಲ್ಲಿಂದ ನವರಾತ್ರಿ, ಭೂಮಿ ಹುಣ್ಣಿಮೆ, ದೀಪಾವಳಿ. ಮನೆಯಲ್ಲಿ ಹೊಸ ಅಳಿಯನಿದ್ದರೆ ಮೊದಲ ದೀಪಾವಳಿಯ ಬಾಬತ್ತನ್ನು ಬೇರೆಯಾಗಿಯೇ ಬರೆಯಿರಿ. ಅಂಟಿಗೆ ಪಂಟಿಗೆಯವರು ಹಾಡುತ್ತ ಬಾಗಿಲಿಗೆ ಬಂದಾಗ ಕೊಡುವ ಕಾಣಿಕೆಯೂ ಸೇರಲಿ, ಅದು ಸಣ್ಣದೇ ಆದರೂ. ತುಳಸಿ ಪೂಜೆ ಮುಗಿದ ಮೇಲೆ ಮದುವೆಗಳ ಮೊದಲ ಸುತ್ತು ಶುರುವಾಗಿ ಧನುರ್ಮಾಸಕ್ಕೆ ನಿಲ್ಲುತ್ತದೆ. ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿಯ ಜಾತ್ರೆ. ನಂತರ ಬೇಸಿಗೆಯ ಏಪ್ರಿಲ್, ಮೇ ತಿಂಗಳುಗಳಲ್ಲಿ ಮದುವೆ, ಉಪನಯನ, ಗೃಹಪ್ರವೇಶಗಳ ಎರಡನೆಯ ಮತ್ತು ದೊಡ್ಡ ಸುತ್ತು. ಅದು ಮುಗಿಯುವ ಹೊತ್ತಿಗೆ ಶಾಲೆಯ ಶುಲ್ಕ, ಸಮವಸ್ತ್ರ, ಪುಸ್ತಕಗಳು ಬಾಗಿಲಲ್ಲಿ ನಿಂತಿರುತ್ತವೆ. ಮೇ ತಿಂಗಳ ಮುಯ್ಯಿಗಳಿಗೆ ಕೈ ಬಿಚ್ಚಿ ಖರ್ಚು ಮಾಡಿದ ಮನೆ ಜೂನ್ ತಿಂಗಳಲ್ಲಿ ಶುಲ್ಕಕ್ಕಾಗಿ ಸಾಲ ಮಾಡುವುದು ಈ ಕಡೆಯ ಮಾಮೂಲು ಕಥೆ.

ಪ್ರತಿ ವರ್ಷ ಬಾರದ ಬಾಬತ್ತುಗಳೇ ಹೆಚ್ಚು ಪೆಟ್ಟು ಕೊಡುವುದು. ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ನಡೆಯುತ್ತವೆ. ಜಾತ್ರೆಯ ಊರಿನಲ್ಲಿ ಮನೆಯಿರುವವರಿಗೆ ನೆಂಟರ ಊಟ, ಹೊಸ ಬಟ್ಟೆ, ಮಕ್ಕಳ ಕೈಗೆ ಕೊಡುವ ಹಣ ಎಲ್ಲ ಸೇರಿ ದೊಡ್ಡ ಖರ್ಚೇ. ಸಾಗರದ ಒಂದು ಮನೆಗೆ ಇದು 18,000 ರೂಪಾಯಿ ಎಂದಿಟ್ಟುಕೊಂಡರೆ, 36 ತಿಂಗಳಿಗೆ ಹಂಚಿದಾಗ ತಿಂಗಳಿಗೆ 500 ರೂಪಾಯಿ. ಹೀಗೆ ಹಂಚದೆ ಇದ್ದವರಿಗೆ ಅದೇ ಮೊತ್ತ ಜಾತ್ರೆಯ ವಾರದಲ್ಲಿ ಕೈಗಡವಾಗುತ್ತದೆ. ಸುಮಾರು 32–33 ತಿಂಗಳಿಗೊಮ್ಮೆ ಬರುವ ಅಧಿಕ ಮಾಸದಲ್ಲಿ ಮಗಳು ಅಳಿಯನಿಗೆ ಬಾಗಿನ ಕೊಡುವ ಪದ್ಧತಿಯಿರುವ ಮನೆಗಳು ಅದನ್ನೂ ಇದೇ ರೀತಿಯಲ್ಲಿ ಹಂಚಿಕೊಳ್ಳಬೇಕು.

ಮೂರನೆಯ ಹಂತ: ಮುಯ್ಯಿ ಪುಸ್ತಕ

ಹಳೆಯ ಮನೆಗಳಲ್ಲಿ ಮದುವೆಯ ಮುಯ್ಯಿ ಬರೆದ ಪುಸ್ತಕವನ್ನು ಜೋಪಾನವಾಗಿ ಇಡುತ್ತಾರೆ. ಸಾಲ ತೀರಿಸುವವರಿಗೆ ಬ್ಯಾಂಕಿನ ಪಾಸ್‌ಬುಕ್ಕಿನಷ್ಟೇ ಉಪಯೋಗಕ್ಕೆ ಬರುವ ದಾಖಲೆ ಅದು. ಪುಸ್ತಕ ಇಲ್ಲದವರು ಮನೆಯ ಹಿರಿಯರ ಜೊತೆ ಒಂದು ಸಂಜೆ ಕುಳಿತು ನೆನಪಿನಿಂದಲೇ ಬರೆದುಕೊಳ್ಳಬಹುದು. ಯಾರು ಏನು ಕೊಟ್ಟರು ಎಂಬುದರಲ್ಲಿ ಅಜ್ಜಿಯಂದಿರ ನೆನಪು ಸಾಮಾನ್ಯವಾಗಿ ಹುಸಿಯಾಗುವುದಿಲ್ಲ. ಹೆಸರು, ಊರು, ಸಂದರ್ಭ, ಅವರು ಕೊಟ್ಟದ್ದು, ನಾವು ಮರಳಿಸಿದ್ದು ಎಂಬ ಐದು ಕಲಮುಗಳು ಸಾಕು.

ಈಗ ಮುಂದಿನ 12 ತಿಂಗಳಲ್ಲಿ ಬರಬಹುದಾದ ಕರೆಗಳನ್ನು ಬರೆದು, ಪ್ರತಿಯೊಂದನ್ನೂ ಪುಸ್ತಕದೊಂದಿಗೆ ತಾಳೆ ನೋಡಿ. ಕೆಲವು ಹೆಸರುಗಳ ಮುಂದೆ ನಾವು ಪಡೆದು ಇನ್ನೂ ಮರಳಿಸದ ಮುಯ್ಯಿ ಇರುತ್ತದೆ. ಇದು ನಿಜವಾದ ಬಾಕಿ. ಇದರಲ್ಲಿ ಚೌಕಾಸಿ ಬೇಡ. ಹತ್ತು ವರ್ಷದ ಹಿಂದೆ 501 ಕೊಟ್ಟವರಿಗೆ ಇಂದು 1,001 ಕೊಟ್ಟರೆ ಯಾರೂ ಆಡಿಕೊಳ್ಳುವುದಿಲ್ಲ. 2,001 ಕೊಡುವ ಅಗತ್ಯವೂ ಇಲ್ಲ. ಇನ್ನು ಕೆಲವು, ಪುಸ್ತಕದ ಲೆಕ್ಕಕ್ಕೆ ಸಿಗದ ಹತ್ತಿರದ ಸಂಬಂಧಗಳು: ಅಕ್ಕನ ಮಗಳ ಮದುವೆಯಲ್ಲಿ ಸೋದರಮಾವ ಮಾಡಬೇಕಾದದ್ದು, ತಂಗಿಯ ಸೀಮಂತ, ಅಣ್ಣನ ಮನೆಯ ಗೃಹಪ್ರವೇಶ. ಇಲ್ಲಿ ಮೊತ್ತವನ್ನು ಮೊದಲೇ ಆ ಮನೆಯವರ ಜೊತೆ ಮಾತನಾಡಿ ನಿಶ್ಚಯಿಸಬಹುದು, ಏಕೆಂದರೆ ನಿಮ್ಮ ಸಾಲದ ವಿಷಯ ಅವರಿಗೆ ಹೇಗೂ ತಿಳಿದಿರುತ್ತದೆ.

ಉಳಿಯುವುದು, ಇಬ್ಬರ ನಡುವೆ ಯಾವ ಬಾಕಿಯೂ ಇಲ್ಲದ ಪರಿಚಯದ ಕರೆಗಳು: ಕಚೇರಿಯ ಸಹೋದ್ಯೋಗಿಯ ಗೃಹಪ್ರವೇಶ, ಅಂಗಡಿಯವರ ಮಗನ ಆರತಕ್ಷತೆ, ಮಗುವಿನ ಸಹಪಾಠಿಯ ಹುಟ್ಟುಹಬ್ಬ. ನನ್ನ ಅಭಿಪ್ರಾಯದಲ್ಲಿ ಕತ್ತರಿ ಆಡಿಸಬೇಕಾದ ಜಾಗ ಇದೇ. ಇಲ್ಲಿ ಕೊಡುವ ಪ್ರತಿಯೊಂದು ಲಕೋಟೆಯೂ ಹೊಸ ಲೇವಾದೇವಿಯನ್ನು ಶುರು ಮಾಡುತ್ತದೆ. ಅವರು ನಾಳೆ ನಮಗೆ ಮರಳಿಸಬೇಕು, ನಾವು ನಾಡಿದ್ದು ಮತ್ತೆ ಅವರಿಗೆ. ಸಾಲ ಇರುವಾಗ ಹೊಸ ಮುಯ್ಯಿಯ ಖಾತೆಗಳನ್ನು ತೆರೆಯದಿರುವುದು ಒಳ್ಳೆಯದು. ಹೋಗಿ ಹರಸಿ ಬನ್ನಿ, ಅಥವಾ ಫೋನಿನಲ್ಲಿ ಶುಭ ಕೋರಿ. ಕಚೇರಿಯಲ್ಲಿ ಎಲ್ಲರೂ ಸೇರಿ ಒಂದೇ ಉಡುಗೊರೆ ಕೊಡುವ ಪದ್ಧತಿಯಿದ್ದರೆ ಅದರಲ್ಲಿ ಪಾಲು ಹಾಕುವುದು ಸುಲಭ. ಅಣ್ಣತಮ್ಮಂದಿರು ಬೇರೆ ಬೇರೆ ಒಲೆ ಹೂಡಿದ್ದರೂ ದೂರದ ನೆಂಟರಿಗೆ ಮನೆತನದ ಹೆಸರಿನಲ್ಲಿ ಒಂದೇ ಮುಯ್ಯಿ ಹಾಕುವುದೂ ಸಾಧ್ಯ.

ಒಂದು ಎಚ್ಚರಿಕೆ ಇಲ್ಲಿ ಬೇಕು. ಲಕೋಟೆಯ ಮೊತ್ತವಷ್ಟನ್ನೇ ಖರ್ಚೆಂದು ಬರೆದರೆ ಲೆಕ್ಕ ತಪ್ಪುತ್ತದೆ. ಬೆಂಗಳೂರಿನಲ್ಲಿ ನಡೆಯುವ ಮದುವೆಗೆ ಶಿವಮೊಗ್ಗದಿಂದ ನಾಲ್ವರು ಹೋದರೆ ಮುಯ್ಯಿ 1,001 ಇರಬಹುದು. ರೈಲು, ಆಟೋ, ದಾರಿಯ ತಿಂಡಿ, ಗಾಂಧಿ ಬಜಾರಿನಲ್ಲಿ ಕೊಂಡ ಸೀರೆ, ಹೊಲಿಸಿದ ರವಿಕೆ ಎಲ್ಲ ಸೇರಿ ಅದರ ಐದಾರು ಪಟ್ಟು ಆಗಿರುತ್ತದೆ. ಅಂಥ ಕಡೆ ಮನೆಗೊಬ್ಬರು ಹೋಗಿ ಬರುವುದು, ಅಕ್ಕತಂಗಿಯರು ಸೀರೆಗಳನ್ನು ಬದಲಾಯಿಸಿಕೊಂಡು ಉಡುವುದು ಮುಯ್ಯಿಯನ್ನು ಇಳಿಸುವುದಕ್ಕಿಂತ ಹೆಚ್ಚು ಹಣ ಉಳಿಸುತ್ತದೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ 2023ರ ಜೂನ್‌ನಿಂದ ಉಚಿತ ಪ್ರಯಾಣವಿದೆ, ಆದರೆ ಮಲೆನಾಡಿನ ಒಳದಾರಿಗಳಲ್ಲಿ ಓಡುವ ಬಸ್ಸುಗಳಲ್ಲಿ ಬಹುಪಾಲು ಖಾಸಗಿಯವು ಎಂಬುದನ್ನು ಲೆಕ್ಕ ಹಾಕುವಾಗ ಮರೆಯಬಾರದು.

ನಾಲ್ಕನೆಯ ಹಂತ: ಮೊತ್ತವನ್ನು ನಿಶ್ಚಯಿಸುವುದು

ಶಿವಮೊಗ್ಗದ ಒಂದು ಸಂಬಳದ ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕೈಗೆ ಬರುವ ಸಂಬಳ 45,000 ರೂಪಾಯಿ. ಬಾಡಿಗೆ, ದಿನಸಿ, ಶಾಲೆ, ಕರೆಂಟು, ಪೆಟ್ರೋಲ್ ಸೇರಿ ಮನೆಖರ್ಚು 24,000. ಬೈಕಿನ ಕಂತು 3,800. ಚಿನ್ನದ ಸಾಲ 1,20,000 ರೂಪಾಯಿ, ಅದರ ತಿಂಗಳ ಬಡ್ಡಿ 1,200. ಕ್ರೆಡಿಟ್ ಕಾರ್ಡಿನ ಬಾಕಿ 60,000. ಕಂತುಗಳು ಕಳೆದು ಕೈಯಲ್ಲಿ ಉಳಿಯುವುದು 16,000. ಆಪತ್ತಿಗೆಂದು 1,500 ತೆಗೆದಿಟ್ಟರೆ 14,500.

ಎರಡನೆಯ ಮತ್ತು ಮೂರನೆಯ ಹಂತಗಳ ಪಟ್ಟಿಯನ್ನು ಕೂಡಿದಾಗ ವರ್ಷಕ್ಕೆ 54,000 ರೂಪಾಯಿ ಬಂತು ಎಂದಿಟ್ಟುಕೊಳ್ಳಿ, ತಿಂಗಳಿಗೆ 4,500. ಅದನ್ನು ಬದಿಗಿಟ್ಟು ಉಳಿದ 10,000 ರೂಪಾಯಿಯನ್ನು ಪ್ರತಿ ತಿಂಗಳು ಕಾರ್ಡಿಗೆ ಕಟ್ಟಿದರೆ, ಮೇಲೆ ಹೇಳಿದ ಬಡ್ಡಿ ಮತ್ತು ತೆರಿಗೆಯ ಲೆಕ್ಕದಲ್ಲಿ, ಏಳು ತಿಂಗಳಲ್ಲಿ ಬಾಕಿ ನಾಲ್ಕುನೂರು ರೂಪಾಯಿಗಿಂತ ಕೆಳಗಿಳಿದು ಎಂಟನೆಯ ತಿಂಗಳಲ್ಲಿ ಮುಗಿಯುತ್ತದೆ. ಒಟ್ಟು ಬಡ್ಡಿ ಸುಮಾರು 10,400 ರೂಪಾಯಿ. ಸಾಮಾಜಿಕ ಖರ್ಚನ್ನು ಪೂರ್ತಿ ನಿಲ್ಲಿಸಿ 14,500 ರೂಪಾಯಿಯನ್ನೂ ಕಾರ್ಡಿಗೇ ಕಟ್ಟಿದರೆ ಐದನೆಯ ತಿಂಗಳಲ್ಲಿ ಮುಗಿದು, ಬಡ್ಡಿ ಸುಮಾರು 7,200 ರೂಪಾಯಿ ಆಗುತ್ತದೆ. ನೆಂಟಸ್ತಿಕೆಯನ್ನು ಉಳಿಸಿಕೊಂಡದ್ದಕ್ಕೆ ಈ ಮನೆ ಕೊಟ್ಟ ಹೆಚ್ಚಿನ ಬಡ್ಡಿ ಸುಮಾರು 3,200 ರೂಪಾಯಿ, ಹಿಡಿದ ಹೆಚ್ಚಿನ ಕಾಲ ಮೂರು ತಿಂಗಳು.

ಸೊನ್ನೆಯ ಯೋಜನೆ ಕಾಗದದ ಮೇಲೆ ಚೆನ್ನಾಗಿ ಕಂಡರೂ ಮೂರನೆಯ ತಿಂಗಳಲ್ಲಿ ಮುರಿದು ಬೀಳುತ್ತದೆ. ತಂಗಿಯ ಸೀಮಂತ ಬರುತ್ತದೆ, ಕೈಯಲ್ಲಿ ಹಣವಿರುವುದಿಲ್ಲ, ಅದಕ್ಕೆ ಬೇಕಾದ 12,000 ರೂಪಾಯಿ ಮತ್ತೆ ಕಾರ್ಡಿನ ಮೇಲೆಯೇ ಏರುತ್ತದೆ. ಹಳೆಯ ಬಾಕಿ ಉಳಿದಿರುವ ಕಾರ್ಡಿನಲ್ಲಿ ಹೊಸ ಖರೀದಿಗೆ ಬಡ್ಡಿರಹಿತ ಅವಧಿ ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಹಾಗಾದಾಗ ಉಳಿಸಿದೆವೆಂದುಕೊಂಡ ಹಣವೂ ಹೋಗಿ, ನಮ್ಮಿಂದ ಇದು ಆಗದು ಎಂಬ ಬೇಸರ ಉಳಿಯುತ್ತದೆ.

ಹಾಗೆಂದು ಪಟ್ಟಿ ಕೂಡಿದಾಗ ಬಂದ ಮೊತ್ತವನ್ನೆಲ್ಲ ಒಪ್ಪಿಕೊಳ್ಳಬೇಕಿಲ್ಲ. ಅತಿ ಹೆಚ್ಚು ಬಡ್ಡಿಯ ಸಾಲಕ್ಕೆ ಪ್ರತಿ ತಿಂಗಳು ಕಟ್ಟುವ ಹಣದ ಅರ್ಧಕ್ಕಿಂತ ಸಾಮಾಜಿಕ ಖರ್ಚು ಹೆಚ್ಚಾಗಬಾರದು ಎಂಬ ಮಿತಿಯನ್ನು ನಾನು ಸೂಚಿಸುತ್ತೇನೆ. ಮೀರಿದರೆ ಮೊದಲು ಪರಿಚಯದ ಕರೆಗಳು, ಆಮೇಲೆ ಪ್ರಯಾಣ ಮತ್ತು ಬಟ್ಟೆ, ಕೊನೆಗೆ ಹತ್ತಿರದ ಸಂಬಂಧಗಳ ಮೊತ್ತ ಎಂಬ ಕ್ರಮದಲ್ಲಿ ಇಳಿಸುತ್ತ ಬನ್ನಿ. ಮರಳಿಸಬೇಕಾದ ಮುಯ್ಯಿಯನ್ನು ಮುಟ್ಟಬೇಡಿ.

ಅಡಿಕೆ ತೋಟದ ಮನೆಗಳ ಲೆಕ್ಕ

ತೋಟದ ಮನೆಯಲ್ಲಿ ತಿಂಗಳ ಸಂಬಳವಿಲ್ಲ. ಕೊಯ್ಲು ಮುಗಿದು, ಅಡಿಕೆ ಸುಲಿದು ಬೇಯಿಸಿ ಒಣಗಿಸಿ, ಅಡಿಕೆ ಮಾರಾಟದ ಸಹಕಾರ ಸಂಘವಾದ ಮ್ಯಾಮ್‌ಕೋಸ್‌ಗೋ ಮಂಡಿಗೋ ಹಾಕಿದ ಮೇಲೆ ಹಣ ಒಟ್ಟಿಗೆ ಬರುತ್ತದೆ. ಆ ಹಣ ಕೈಯಲ್ಲಿರುವ ತಿಂಗಳುಗಳೇ ಜಾತ್ರೆ ಮತ್ತು ಬೇಸಿಗೆಯ ಮದುವೆಗಳ ತಿಂಗಳುಗಳೂ ಆಗಿರುವುದರಿಂದ ಮುಯ್ಯಿಯ ಲಕೋಟೆ ದಪ್ಪವಾಗುತ್ತದೆ. ಮಳೆಗಾಲದ ಮೈಲುತುತ್ತ, ಸುಣ್ಣ, ಔಷಧಿ ಹೊಡೆಯುವವರ ಕೂಲಿಗೆ ಮತ್ತೆ ಸಾಲ.

ಇದಕ್ಕೆ ಪರಿಹಾರ ಮಾರಾಟದ ಹಣ ಖಾತೆಗೆ ಬಿದ್ದ ವಾರದಲ್ಲಿಯೇ ಅದನ್ನು ಪಾಲು ಮಾಡುವುದು. ಸಂಘದ ಬೆಳೆ ಸಾಲದ ಗಡುವು ಮೊದಲು: ರಾಜ್ಯದಲ್ಲಿ ಸಹಕಾರ ಸಂಘಗಳ ಅಲ್ಪಾವಧಿ ಬೆಳೆ ಸಾಲಕ್ಕೆ ಇರುವ ಶೂನ್ಯ ಬಡ್ಡಿಯ ಸೌಲಭ್ಯ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ ಸಿಗುವುದರಿಂದ ಇದನ್ನು ತಪ್ಪಿಸಿಕೊಳ್ಳುವುದು ದೊಡ್ಡ ನಷ್ಟ. ಎರಡನೆಯದು ಮುಂದಿನ ಮಳೆಗಾಲದ ತೋಟದ ಖರ್ಚು. ಮೂರನೆಯದು ಹೊಸ ಅಡಿಕೆ ಬರುವವರೆಗಿನ ಮನೆಖರ್ಚು. ನಾಲ್ಕನೆಯದು ವರ್ಷದ ಸಾಮಾಜಿಕ ನಿಧಿ. ಇದನ್ನು ಎರಡು ಭಾಗ ಮಾಡಿ, ಒಂದನ್ನು ಮೇ ಕೊನೆಯವರೆಗೆ ಕೈಗೆ ಸಿಗುವಂತೆಯೂ, ಇನ್ನೊಂದನ್ನು ಗೌರಿ ಹಬ್ಬದಿಂದ ದೀಪಾವಳಿಯವರೆಗಿನ ಖರ್ಚಿಗೆ ಸಂಘದಲ್ಲಿ ಅಲ್ಪಾವಧಿ ಠೇವಣಿಯಾಗಿಯೂ ಇಡಿ. ಉಳಿದದ್ದೆಲ್ಲ ಹೆಚ್ಚು ಬಡ್ಡಿಯ ಸಾಲಕ್ಕೆ. ಆದಾಯವನ್ನು ಊಹಿಸುವಾಗ ಕೊಳೆರೋಗವೋ ಎಲೆಚುಕ್ಕೆ ರೋಗವೋ ಬಾಧಿಸಿದ ಕಡಿಮೆ ಇಳುವರಿಯ ವರ್ಷವನ್ನು ಆಧಾರವಾಗಿಟ್ಟುಕೊಳ್ಳಿ. ಬೆಳೆ ಸಾಲವನ್ನು ಕಟ್ಟಿ ಮತ್ತೆ ಎತ್ತಿಕೊಳ್ಳುವುದು ಎಲ್ಲರೂ ಮಾಡುವ ಕೆಲಸವೇ, ಆದರೆ ಹಾಗೆ ಎತ್ತಿದ ಹಣ ಮದುವೆ ಸುಗ್ಗಿಯ ಹೊತ್ತಿಗೇ ಕೈಗೆ ಬರುತ್ತದೆ ಎಂಬ ಎಚ್ಚರ ಇರಲಿ.

ಧಾರಣೆ ಏರಲಿ ಎಂದು ಅಡಿಕೆಯನ್ನು ಇಟ್ಟುಕೊಂಡು, ಅಷ್ಟರವರೆಗೆ ಮದುವೆ ಖರ್ಚಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯಲ್ಲಿ ಸಾಲ ತರುವವರಿದ್ದಾರೆ. ಆರು ತಿಂಗಳು ಕಾದರೆ ಬಡ್ಡಿಯೇ ಶೇ. 12, ಧಾರಣೆ ಅಷ್ಟು ಏರಿದರೂ ಕೈಗೆ ಬರುವ ಲಾಭ ಸೊನ್ನೆ.

ಐದನೆಯ ಹಂತ: ಹಣವನ್ನು ಎಲ್ಲಿಡಬೇಕು

ಸಂಬಳದ ಖಾತೆಯಲ್ಲಿಯೇ ಉಳಿದ ಸಾಮಾಜಿಕ ನಿಧಿ ಕಿರಾಣಿ ಅಂಗಡಿಯಲ್ಲಿ ಕರಗುತ್ತದೆ. ಬೇರೆ ಉಳಿತಾಯ ಖಾತೆಯೊಂದಕ್ಕೆ ಸಂಬಳದ ದಿನವೇ ಮೊತ್ತ ವರ್ಗವಾಗುವಂತೆ ಬ್ಯಾಂಕಿಗೆ ಸೂಚನೆ ಕೊಡಿ. ಆ ಖಾತೆಯನ್ನು ಫೋನಿನ ಪಾವತಿ ಆ್ಯಪಿಗೆ ಜೋಡಿಸಬೇಡಿ. ಮುಯ್ಯಿಯನ್ನು ನಗದಾಗಿ ತೆಗೆದು ಲಕೋಟೆಗೆ ಹಾಕುವಾಗಲೇ ಪುಸ್ತಕದಲ್ಲಿ ಬರೆಯಿರಿ.

ಕಾಫಿ, ತಿಂಡಿ, ಗೆಳೆಯರೊಂದಿಗಿನ ಸಣ್ಣ ಖರ್ಚಿಗೆ ಯುಪಿಐ ಲೈಟ್ ಅನುಕೂಲ. ಅದರಲ್ಲಿ ಹೆಚ್ಚೆಂದರೆ 5,000 ರೂಪಾಯಿ ಇಡಬಹುದು, ಒಂದು ಪಾವತಿಗೆ 1,000 ರೂಪಾಯಿಯ ಮಿತಿಯಿದೆ. ತಿಂಗಳಿಗೆ ಒಮ್ಮೆ, ನೀವು ನಿಶ್ಚಯಿಸಿದಷ್ಟನ್ನೇ ತುಂಬಿ, ತಾನಾಗಿ ತುಂಬಿಕೊಳ್ಳುವ ಸೌಲಭ್ಯವನ್ನು ನಿಲ್ಲಿಸಿಡಿ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿದ್ದರೆ ಅದನ್ನು ತೆಗೆದುಹಾಕಿ, ಇಲ್ಲವಾದರೆ ಮಂಡಕ್ಕಿ ಖಾರಕ್ಕೂ ಬಡ್ಡಿ ಕಟ್ಟಬೇಕಾಗುತ್ತದೆ.

ಆರನೆಯ ಹಂತ: ಹಣಕ್ಕಿಂತ ಮೊದಲು ಕೈಯಾಸರೆ

ನಟ್ಟಿಗೆ, ಅಡಿಕೆ ಸುಲಿಯುವುದಕ್ಕೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗುವ ಮುಯ್ಯಾಳಿನ ಪದ್ಧತಿ ಮಲೆನಾಡಿಗೆ ಹೊಸದಲ್ಲ. ಸಮಾರಂಭಗಳಲ್ಲಿಯೂ ಅದು ಇನ್ನೂ ನಡೆಯುತ್ತದೆ. ಹಿಂದಿನ ದಿನ ಹೋಗಿ ಚಪ್ಪರ ಕಟ್ಟಲು ಕೈಜೋಡಿಸುವುದು, ರಾತ್ರಿ ತರಕಾರಿ ಹೆಚ್ಚಲು ಕೂರುವುದು, ಬಡಿಸುವುದು, ವಯಸ್ಸಾದವರನ್ನು ಬಸ್ ನಿಲ್ದಾಣದಿಂದ ಕರೆತರುವುದು, ಮರುದಿನ ಪಾತ್ರೆಗಳನ್ನು ಎಣಿಸಿ ಮರಳಿಸುವುದು ಇವೆಲ್ಲ ಮನೆಯವರಿಗೆ ಲಕೋಟೆಗಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತವೆ. ಹತ್ತಿರದ ಸಂಬಂಧಗಳಲ್ಲಿ ಮೊತ್ತವನ್ನು ಇಳಿಸಿದವರು ಒಂದು ದಿನ ಮೊದಲೇ ಹೋಗಿ ಕೆಲಸಕ್ಕೆ ನಿಂತರೆ ಲಕೋಟೆಯ ವಿಷಯ ಹಿಂದೆ ಸರಿಯುತ್ತದೆ.

ಪಟ್ಟಣದ ಗೆಳೆಯರಿಗೆ ಮನೆಯ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ ಅಂಗಡಿಯ ಉಡುಗೊರೆಗಿಂತ ಇಷ್ಟವಾಗುತ್ತವೆ. ಆದರೆ ಹಣವಾಗಿ ಪಡೆದ ಮುಯ್ಯಿಯನ್ನು ಉಪ್ಪಿನಕಾಯಿಯ ಭರಣಿಯಾಗಿ ಮರಳಿಸಲು ಹೋಗಬೇಡಿ. ಹಣವಾಗಿ ಬಂದದ್ದು ಹಣವಾಗಿಯೇ ಹೋಗಲಿ.

ಏಳನೆಯ ಹಂತ: ಗೆಳೆಯರು, ಪ್ರವಾಸ, ಚೀಟಿ

ಗೆಳೆಯರ ಖರ್ಚಿನಲ್ಲಿ ತೊಂದರೆ ಕೊಡುವುದು ಮೊತ್ತವಲ್ಲ, ಅದು ಕೊನೆಗೆ ಗೊತ್ತಾಗುವ ರೀತಿ. ಹೋಂಸ್ಟೇ ಕಾದಿರಿಸಿ, ಗಾಡಿ ಮಾಡಿ, ಊಟ ಮುಗಿದ ಮೇಲೆ ತಲೆಗೆಷ್ಟು ಎಂದು ಹೇಳುವ ಪ್ರವಾಸಕ್ಕೆ ಸಾಲಗಾರ ಹೋಗಬಾರದು. ಹೊರಡುವ ಮೊದಲೇ ಕೇಳಿ, ಅಥವಾ ನೀವೇ ಕಾರ್ಯಕ್ರಮ ಹಾಕಿ. ಬೆಳಿಗ್ಗೆ ಸಕ್ರೆಬೈಲಿನಲ್ಲಿ ಆನೆಗಳ ಸ್ನಾನ ನೋಡಿ, ತೀರ್ಥಹಳ್ಳಿ ರಸ್ತೆಯಲ್ಲೇ ಮುಂದೆ ಮಂಡಗದ್ದೆಯ ಪಕ್ಷಿಧಾಮಕ್ಕೆ ಹೋಗಿ, ಬುತ್ತಿ ಉಂಡು ಸಂಜೆಯೊಳಗೆ ಶಿವಮೊಗ್ಗಕ್ಕೆ ಮರಳುವ ಪ್ರವಾಸಕ್ಕೆ ಪೆಟ್ರೋಲ್ ಬಿಟ್ಟರೆ ಹೆಚ್ಚು ಖರ್ಚಿಲ್ಲ.

ಬೇಡ ಎನ್ನಬೇಕಾದಾಗ ಸುಳ್ಳು ಕಾರಣ ಹೇಳಿದರೆ ಮುಂದಿನ ಸಲ ಇನ್ನೊಂದು ಸುಳ್ಳು ಬೇಕಾಗುತ್ತದೆ. “ಈ ವರ್ಷ ಸಾಲ ಮುಗಿಸ್ಬೇಕು ಅಂತ ಕೂತಿದೀನಿ ಕಣೋ, ದೊಡ್ಡ ಖರ್ಚಿಗೆ ನಾನಿಲ್ಲ. ಭಾನುವಾರ ಎಲ್ಲ ನಮ್ಮನೆಗೇ ಬನ್ನಿ” ಎಂದರೆ ಗೆಳೆಯರು ಅರ್ಥ ಮಾಡಿಕೊಳ್ಳುತ್ತಾರೆ. ಹಿರಿಯರ ಬಳಿ ಇಷ್ಟು ನೇರವಾಗಿ ಹೇಳುವುದು ಕಷ್ಟ; “ಈ ಸಲ ನಾನೊಬ್ಬನೇ ಬರ್ತೀನಿ ದೊಡ್ಡಪ್ಪ, ಮುಂಚಿನ ದಿನಾನೇ ಬಂದು ಕೆಲಸಕ್ಕೆ ನಿಲ್ತೀನಿ” ಎಂಬ ಮಾತು ಸಾಕು.

ಚೀಟಿಯ ವಿಷಯ ಬೇರೆ. ಗೆಳೆಯರೋ ನೆರೆಯವರೋ ಕರೆದರೆಂದು ಹೆಚ್ಚು ಬಡ್ಡಿಯ ಸಾಲ ಇರುವಾಗ ಹೊಸ ಚೀಟಿಗೆ ಸೇರಬೇಡಿ. ಈಗಾಗಲೇ ಇರುವ ಚೀಟಿಯನ್ನು ನಡುವೆ ಬಿಡಬೇಡಿ. ಚೀಟಿಯ ಹರಾಜು ಕೂಗಿನಲ್ಲಿ ಬಿಟ್ಟುಕೊಡುವ ಮೊತ್ತ ಕಾರ್ಡಿನ ಬಡ್ಡಿಗಿಂತ ಕಡಿಮೆಯಿದ್ದರೆ ಎತ್ತಿಕೊಂಡು ಕಾರ್ಡಿಗೆ ಕಟ್ಟಬಹುದು. 1982ರ ಚಿಟ್ ಫಂಡ್ ಕಾಯ್ದೆಯ ಅಡಿಯಲ್ಲಿ ನೋಂದಣಿಯಾದ ಚೀಟಿಯಲ್ಲಿ ನಡೆಸುವವರ ಕಮಿಷನ್ ಶೇ. 7ನ್ನು ಮೀರುವಂತಿಲ್ಲ, ನೋಂದಣಿಯಿಲ್ಲದ ಚೀಟಿಗೆ ನಂಬಿಕೆಯೊಂದೇ ಆಧಾರ.

ಎಂಟನೆಯ ಹಂತ: ನಮ್ಮದೇ ಮನೆಯ ಸಮಾರಂಭ

ಸಾಲ ಇರುವಾಗಲೇ ಮನೆಯಲ್ಲಿ ಮದುವೆಯೋ ಉಪನಯನವೋ ಬಂದರೆ ಬರುವ ಮುಯ್ಯಿಯನ್ನು ಆದಾಯವೆಂದು ಎಣಿಸಿ ಅಡುಗೆಯವರಿಗೆ ಮಾತು ಕೊಡಬೇಡಿ. ಬಂದ ಪ್ರತಿಯೊಂದು ಲಕೋಟೆಯೂ ಮುಂದಿನ ವರ್ಷಗಳಲ್ಲಿ ಮರಳಿಸಬೇಕಾದ ಹಣ. ಸಾಲ ತೀರಿಸುತ್ತಿರುವವರು ಕರೆಯೋಲೆಯಲ್ಲಿಯೇ ಉಡುಗೊರೆ ಬೇಡವೆಂದು ಅಚ್ಚು ಹಾಕಿಸಿದರೆ ಆ ಹೊರೆ ಬೆಳೆಯುವುದಿಲ್ಲ.

ಖರ್ಚನ್ನು ಇಳಿಸಲು ಭಕ್ಷ್ಯಗಳನ್ನು ಕಡಿಮೆ ಮಾಡುವುದಕ್ಕಿಂತ ಕರೆಗಳನ್ನು ಕಡಿಮೆ ಮಾಡುವುದು ಪರಿಣಾಮಕಾರಿ. ಎಲೆಗೆ 250 ರೂಪಾಯಿಯಂತೆ 400 ಜನಕ್ಕೆ ಒಂದು ಲಕ್ಷ. 150 ಜನ ಕಡಿಮೆಯಾದರೆ 37,500 ಉಳಿಯುತ್ತದೆ. ಒಂದು ಸಿಹಿ ತೆಗೆದರೆ ಉಳಿಯುವುದು ಅದರ ಸಣ್ಣ ಭಾಗ, ಮಾತು ಮಾತ್ರ ಹೆಚ್ಚು. ಸಾಮೂಹಿಕ ಉಪನಯನ, ಕುವೆಂಪು ಅವರು ರೂಪಿಸಿದ ಮಂತ್ರ ಮಾಂಗಲ್ಯದ ಸರಳ ಮದುವೆ ಇವು ಈ ನೆಲಕ್ಕೆ ಪರಿಚಿತವಾದ ದಾರಿಗಳೇ ಆದ್ದರಿಂದ ನೆಂಟರಿಗೆ ವಿವರಿಸುವುದು ಅಷ್ಟು ಕಷ್ಟವಲ್ಲ. ಹರಕೆಯ ಯಕ್ಷಗಾನದ ಆಟ, ದೊಡ್ಡ ಪೂಜೆಗಳನ್ನು ಸಾಲ ತೀರಿದ ವರ್ಷಕ್ಕೆ ಇಟ್ಟುಕೊಳ್ಳಿ. ದೇವರು ತಡವಾದದ್ದಕ್ಕೆ ಚಕ್ರಬಡ್ಡಿ ಹಾಕಿದ್ದನ್ನು ಯಾರೂ ಕೇಳಿಲ್ಲ.

ಆಷಾಢದ ಪರಿಶೀಲನೆ

ಸಂಬಳದ ಮನೆಗಳಿಗೆ ಆಷಾಢ ಸಾಲಕ್ಕೆ ಹೆಚ್ಚು ಕಟ್ಟುವ ತಿಂಗಳು. ಶಾಲೆಯ ಶುಲ್ಕ ಮುಗಿದ ಮೇಲೆ ಆ ತಿಂಗಳ ಸಾಮಾಜಿಕ ಕಂತಿನಲ್ಲಿ ಗೌರಿ ಹಬ್ಬಕ್ಕೆ ಬೇಕಾದಷ್ಟನ್ನು ಇಟ್ಟು ಉಳಿದದ್ದನ್ನು ಕಾರ್ಡಿಗೋ ಕೈಗಡಕ್ಕೋ ಸೇರಿಸಿ. ಅದೇ ತಿಂಗಳು ಗಂಡಹೆಂಡತಿ, ಮನೆಯ ಹಿರಿಯರು ಒಟ್ಟಿಗೆ ಕುಳಿತು ಹಿಂದಿನ ವರ್ಷದ ಪಟ್ಟಿಯನ್ನು ಆದ ಖರ್ಚಿನೊಂದಿಗೆ ಹೋಲಿಸಿ ನೋಡಿ. ಹೆಚ್ಚಾದದ್ದು ಯಾವ ಬಾಬತ್ತಿನಲ್ಲಿ ಎಂಬುದನ್ನು ಬರೆದಿಟ್ಟರೆ ಸಾಕು, ಯಾರಿಂದ ಎಂಬ ಚರ್ಚೆ ಬೇಡ.

ಕಾರ್ಡಿನ ಬಾಕಿ ಮುಗಿದ ತಿಂಗಳಿನಿಂದ ಆ 10,000 ರೂಪಾಯಿ ಪೂರ್ತಿಯಾಗಿ ಚಿನ್ನದ ಸಾಲದ ಅಸಲಿಗೆ ಹೋಗಲಿ. 1,20,000 ರೂಪಾಯಿಯ ಸಾಲಕ್ಕೆ ಬಡ್ಡಿಯ 1,200 ಬೇರೆಯಾಗಿಯೇ ಬಜೆಟ್ಟಿನಲ್ಲಿ ಇರುವುದರಿಂದ ಒಂದು ವರ್ಷದೊಳಗೆ ಒಡವೆ ಮನೆಗೆ ಬರುತ್ತದೆ. ಅಲ್ಲಿಯವರೆಗೂ ಸಾಮಾಜಿಕ ನಿಧಿಯ ಮೊತ್ತ ಬದಲಾಗುವುದು ಆಷಾಢದಲ್ಲಿ ಮಾತ್ರ, ಅದೂ ಮುಯ್ಯಿ ಪುಸ್ತಕದಲ್ಲಿ ಹೊಸದಾಗಿ ಸೇರಿದ ಬಾಕಿಗಳನ್ನು ಲೆಕ್ಕ ಹಾಕಿದ ಮೇಲೆ.